ಎಲ್ಲಾ ಬೇಕೆಂದವನ ಐದನೇ ಲೆವೆಲ್

ನನ್ನ ರಸಾಯನಶಾಸ್ತ್ರದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದು ಕೋಷ್ಟಕ ಇದೆ. ಇಪ್ಪತ್ತು ಸಾಲು, ಮೂರು ಬಣ್ಣದ ಪೆನ್ನು. ಸ್ಕೇಲ್ ಇಟ್ಟು ಗೆರೆ ಹಾಕಿ ಅಷ್ಟು ನೀಟಾಗಿ ನಾನು ಆವರ್ತಕ ಕೋಷ್ಟಕವನ್ನೂ ಬರೆದಿಲ್ಲ. ಅದರಲ್ಲಿ ಮೊದಲ ಐದು ಸಾಲಿಗೆ ಮಾತ್ರ ಟಿಕ್ ಬಿದ್ದಿದೆ. ಉಳಿದ ಹದಿನೈದು ಸಾಲು ಹಾಗೇ ಉಳಿದವು. ಆ ಐದು ಮತ್ತು ಹದಿನೈದರ ನಡುವೆ ನನ್ನ ತಂಗಿಯ ಪಾತ್ರ ಸತ್ತಿತು. ತಪ್ಪು ನನ್ನದು. ಅದನ್ನು ಹೇಳಿಕೊಳ್ಳುವುದಕ್ಕೂ, ಅದರಿಂದ ನನಗೆ ಬಂದಿರುವ ಒಂದು ಅಭಿಪ್ರಾಯವನ್ನು ನಿಮ್ಮ ಮುಂದೆ ಇಡುವುದಕ್ಕೂ ಈ ಲೇಖನ.

ಆಟದ ಹೆಸರು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್. ಮೊಬೈಲ್ ಆಟ ಅಲ್ಲ. ನಾಲ್ಕೈದು ಜನ ಕೂತು, ಕಾಗದ ಪೆನ್ಸಿಲ್ ಹಿಡಿದು, ಬಾಯಿಮಾತಿನಲ್ಲಿ ಆಡುವಂಥದ್ದು. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ‘ನಾನು ಹೀಗೆ ಮಾಡುತ್ತೇನೆ’ ಎನ್ನುತ್ತಾರೆ. ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು ಇದನ್ನು ಮಾಡಿದ್ದು, 1974ರಲ್ಲಿ ಮೊದಲು ಅಚ್ಚಾಯಿತು. ನಾವು ಆಡಿದ್ದು 2014ರ ಐದನೇ ಆವೃತ್ತಿ. ಅದರ ಮೂಲ ನಿಯಮಗಳನ್ನು ಕಂಪನಿಯೇ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿದೆ. ಮೂಲದ ಹೆಸರು ಹಾಕಿ ಯಾರು ಬೇಕಾದರೂ ಪ್ರಿಂಟ್ ತೆಗೆಯಬಹುದು, ಅನುವಾದವನ್ನೂ ಮಾಡಬಹುದು. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುವ ನನ್ನ ಮಾಮುವಿನ ಮಗ ಕಳೆದ ಬೇಸಿಗೆ ರಜೆಗೆ ನಾಗನೂರಿಗೆ ಬಂದಾಗ ಅದರ ಪ್ರಿಂಟ್ ತಂದಿದ್ದ.

ಕಥೆ ಹೇಳುವವನಿಗೆ ಇಂಗ್ಲಿಷಿನಲ್ಲಿ ಡಂಜನ್ ಮಾಸ್ಟರ್ ಅನ್ನುತ್ತಾರೆ. ನಮ್ಮ ಗುಂಪಿನಲ್ಲಿ ಆ ಹೆಸರು ಒಂದು ದಿನವೂ ಉಳಿಯಲಿಲ್ಲ. ಕುಲಗೋಡ ತಮ್ಮಣ್ಣನ, ಕೌಜಲಗಿ ನಿಂಗಮ್ಮನ ಪಾರಿಜಾತದ ಸೀಮೆ ನಮ್ಮದು. ಪಕ್ಕದ ಮನೆಯ ಗೆಳೆಯ ಕೇಳಿದ ತಕ್ಷಣ ‘ಅಂದ್ರ ಭಾಗವತ ಅನ್ನಪಾ’ ಅಂದ. ಅಂದಿನಿಂದ ಮಾಮುವಿನ ಮಗ ಭಾಗವತನೇ.

ಮನೆಯಲ್ಲಿ ಎರಡು ಮಾತು ಬಂದವು, ಮುಚ್ಚಿಡುವುದಿಲ್ಲ. ಇಪ್ಪತ್ತು ಮುಖದ ದಾಳ ನೋಡಿ ಅಮ್ಮಿ ‘ಇದೇನು ಜೂಜು? ಈ ಮನೆಯಲ್ಲಿ ದಾಳ ಬೇಡ’ ಎಂದರು. ಹಣ ಕಟ್ಟುವುದಿಲ್ಲ ಎಂದು ಹೇಳಿದೆವು. ಆದರೂ ಬೇಡ ಎಂದರು. ನಾವು ವಾದ ಮಾಡಲಿಲ್ಲ. ಆರು ಸ್ಟೀಲ್ ಡಬ್ಬಿ ತೆಗೆದುಕೊಂಡು 4, 6, 8, 10, 12, 20 ಎಂದು ಚೀಟಿ ಮಾಡಿ ಹಾಕಿದೆವು. ಒಂದು ಎತ್ತುವುದು, ಓದುವುದು, ಮತ್ತೆ ಒಳಗೆ ಹಾಕಿ ಅಲ್ಲಾಡಿಸುವುದು. ಲೆಕ್ಕ ಅದೇ, ಸದ್ದು ಮಾತ್ರ ಬೇರೆ. ಇನ್ನೊಂದು ಕ್ಲರಿಕ್ ಎಂಬ ಪಾತ್ರದ ವಿಷಯ. ಪುಸ್ತಕದ ಪ್ರಕಾರ ಅವನು ಯಾವುದಾದರೂ ಕಾಲ್ಪನಿಕ ದೇವತೆಯನ್ನು ಆರಿಸಿಕೊಳ್ಳಬೇಕು. ನಮಗೆ ಅದು ಸರಿ ಕಾಣಲಿಲ್ಲ. ಗೆಳೆಯ ಅದೇ ನಿಯಮ ಇಟ್ಟುಕೊಂಡು ಅವನನ್ನು ಊರೂರು ತಿರುಗುವ ಹಕೀಮ ಮಾಡಿಕೊಂಡ. ಆಟ ಎಲ್ಲೂ ಕೆಡಲಿಲ್ಲ.

ಈಗ ಮುಖ್ಯ ವಿಷಯ. ಪ್ರತಿ ಪಾತ್ರಕ್ಕೂ ಒಂದು ‘ಕ್ಲಾಸ್’ ಇರುತ್ತದೆ. ತರಗತಿ ಅಲ್ಲ, ಕಸುಬು ಅಂದುಕೊಳ್ಳಿ. ಫೈಟರ್ ಅಂದರೆ ಹೋರಾಟಗಾರ, ವಿಝರ್ಡ್ ಅಂದರೆ ಓದಿ ಕಲಿತ ಮಾಂತ್ರಿಕ, ರೋಗ್ ಅಂದರೆ ಬೀಗ ತೆಗೆಯುವ, ಕತ್ತಲಲ್ಲಿ ಅಡಗುವ ಚಾಲಾಕಿ. ಆಡುತ್ತಾ ಹೋದಂತೆ ಅಂಕ ಸೇರಿ ಲೆವೆಲ್ ಏರುತ್ತದೆ. ಒಂದರಿಂದ ಇಪ್ಪತ್ತರವರೆಗೆ. ಪ್ರತಿ ಲೆವೆಲ್‌ಗೂ ಕಸುಬಿನ ಹೊಸ ವಿದ್ಯೆ ಸಿಗುತ್ತದೆ. ಲೆವೆಲ್ ಏರುವಾಗ ಹಳೆಯ ಕಸುಬನ್ನು ಬಿಟ್ಟು ಬೇರೆಯದರಲ್ಲಿ ಒಂದು ಮೆಟ್ಟಿಲು ಹತ್ತುವ ಅವಕಾಶವೂ ಇದೆ. ಇದೇ ಮಲ್ಟಿಕ್ಲಾಸ್. 2014ರ ಪುಸ್ತಕದಲ್ಲಿ ಇದು ಐಚ್ಛಿಕ ನಿಯಮ, ಭಾಗವತ ಒಪ್ಪಿದರೆ ಮಾತ್ರ.

ಹಳೆಯ ಕಾಲದ ಆವೃತ್ತಿಯಲ್ಲಿ ಎರಡು ಕಸುಬಿನ ಪಾತ್ರಕ್ಕೆ ಬಂದ ಅಂಕವನ್ನು ಎರಡಕ್ಕೂ ಸಮವಾಗಿ ಹಂಚಬೇಕಿತ್ತು. ಹೀಗಾಗಿ ಎರಡರಲ್ಲೂ ನಿಧಾನ ಎಂಬುದು ಮೊದಲ ದಿನವೇ ಕಣ್ಣಿಗೆ ಕಾಣುತ್ತಿತ್ತು. 2000ದ ಮೂರನೇ ಆವೃತ್ತಿಯಿಂದ ಒಂದೊಂದೇ ಲೆವೆಲ್ ಆರಿಸುವ ಪದ್ಧತಿ ಬಂತು. ಇದು ಸುಲಭ, ಚೆಂದ. ಆದರೆ ಇದರಲ್ಲಿ ನಷ್ಟ ತಕ್ಷಣ ಕಾಣುವುದಿಲ್ಲ. ನನ್ನಂಥವನು ಬೀಳುವುದು ಅಲ್ಲೇ.

ನನ್ನ ಪಾತ್ರದ ಹೆಸರು ಶಮ್ಶೇರ್. ನಿಯಮದ ಪ್ರಕಾರ ಹಂಚುವ ಅಂಕಗಳು 15, 14, 13, 12, 10, 8. ಮನುಷ್ಯ ಪಾತ್ರವಾದ್ದರಿಂದ ಎಲ್ಲದಕ್ಕೂ ಒಂದೊಂದು ಸೇರುತ್ತದೆ. ಚುರುಕುತನಕ್ಕೆ 16, ಬುದ್ಧಿಗೆ 15, ದೇಹದ ಗಟ್ಟಿತನಕ್ಕೆ 14, ವಿವೇಕಕ್ಕೆ 13 ಇಟ್ಟೆ. ಮಲ್ಟಿಕ್ಲಾಸ್‌ಗೆ ಒಂದು ಷರತ್ತಿದೆ. ಈಗಿನ ಕಸುಬಿಗೂ ಹೊಸ ಕಸುಬಿಗೂ ಬೇಕಾದ ಮುಖ್ಯ ಗುಣ ಕನಿಷ್ಠ 13 ಇರಬೇಕು. ಫೈಟರ್‌ಗೆ ಶಕ್ತಿ ಅಥವಾ ಚುರುಕುತನ, ರೋಗ್‌ಗೆ ಚುರುಕುತನ, ವಿಝರ್ಡ್‌ಗೆ ಬುದ್ಧಿ, ಕ್ಲರಿಕ್‌ಗೆ ವಿವೇಕ. ನೋಡಿದರೆ ನನಗೆ ನಾಲ್ಕೂ ಬಾಗಿಲು ತೆರೆದಿದ್ದವು! ತೆರೆದ ಬಾಗಿಲನ್ನೆಲ್ಲ ಹೊಕ್ಕು ಬರಬೇಕು ಅನ್ನಿಸಿತು. ಬಾಗಿಲು ತೆರೆದಿದೆ ಅಂದರೆ ಒಳಗೆ ಬರಬಹುದು ಎಂದರ್ಥ, ಬರಲೇಬೇಕು ಎಂದಲ್ಲ. ಅದು ಆಗ ತಲೆಗೆ ಹೋಗಲಿಲ್ಲ.

ಎರಡು ರಾತ್ರಿ ಕೂತು ಕೋಷ್ಟಕ ಬರೆದೆ. ಮೊದಲ ಎರಡು ಲೆವೆಲ್ ಫೈಟರ್. ಯಾಕೆಂದರೆ ಎರಡನೆಯದಕ್ಕೆ ‘ಆ್ಯಕ್ಷನ್ ಸರ್ಜ್’ ಸಿಗುತ್ತದೆ, ಒಂದೇ ಸರದಿಯಲ್ಲಿ ಎರಡು ಕೆಲಸ ಮಾಡಬಹುದು. ನಂತರ ಎರಡು ಲೆವೆಲ್ ರೋಗ್. ಅದರಿಂದ ‘ಕನ್ನಿಂಗ್ ಆ್ಯಕ್ಷನ್’, ಅಂದರೆ ಹೊಡೆದೂ ಅದೇ ಸರದಿಯಲ್ಲಿ ಓಡಬಹುದು, ಅಡಗಬಹುದು. ಉಳಿದ ಹದಿನಾರೂ ವಿಝರ್ಡ್. ಇಪ್ಪತ್ತನೇ ಲೆವೆಲ್‌ನಲ್ಲಿ ಶಮ್ಶೇರ್ ಕತ್ತಿ ಹಿಡಿದ, ಬೀಗ ಮುರಿಯುವ, ಎಂಟನೇ ದರ್ಜೆಯ ಮಂತ್ರ ಹಾಕುವ ಸರದಾರ. ಕಾಗದದ ಮೇಲೆ ಅವನಿಗೆ ಸಮ ಯಾರೂ ಇರಲಿಲ್ಲ. ಗುಂಪಿನಲ್ಲಿ ಮಾಂತ್ರಿಕ ಯಾರು ಎಂದು ಭಾಗವತ ಕೇಳಿದಾಗ ನಾನೇ ಕೈ ಎತ್ತಿದೆ. ‘ಸದ್ಯಕ್ಕ ಕತ್ತಿ ಹಿಡಿತೀನಿ, ಐದನೇ ಲೆವೆಲ್‌ಗೆ ನೋಡ್ರಿ ನನ್ನ ಮಂತ್ರ’ ಅಂದೆ. ಹಾಗಂದಿದ್ದಕ್ಕೆ ಬೇರೆ ಯಾರೂ ಮಾಂತ್ರಿಕನಾಗಲಿಲ್ಲ. ಒಂಬತ್ತನೇ ತರಗತಿಯ ನನ್ನ ತಂಗಿ ಫೈಟರ್ ಆದಳು, ಗೆಳೆಯ ಹಕೀಮನಾದ.

ರಜೆಯಲ್ಲಿ ದಿನಾ ಮಧ್ಯಾಹ್ನ ಜುಹರ್ ನಮಾಜ್ ಮುಗಿಸಿ ಅಸರ್‌ವರೆಗೆ ಮಾಳಿಗೆ ಮೇಲಿನ ತಗಡಿನ ನೆರಳಲ್ಲಿ ಆಡಿದೆವು. ಐದನೇ ಲೆವೆಲ್ ಮುಟ್ಟಿದೆವು. ಈ ಆಟದಲ್ಲಿ ಐದು ಅಂದರೆ ದೊಡ್ಡ ತಿರುವು. ಫೈಟರ್‌ಗೆ ಒಂದರ ಬದಲು ಎರಡು ಏಟು. ಹಕೀಮನಿಗೆ, ಅಂದರೆ ಕ್ಲರಿಕ್‌ಗೆ, ಈಗಷ್ಟೇ ಸತ್ತವರನ್ನು ಒಂದು ನಿಮಿಷದೊಳಗೆ ಎಬ್ಬಿಸುವ ವಿದ್ಯೆ. ಮಾಂತ್ರಿಕನಿಗೆ ಫೈರ್‌ಬಾಲ್. ಇಪ್ಪತ್ತು ಅಡಿ ತ್ರಿಜ್ಯದ ಬೆಂಕಿ, ಎಂಟು ಆರು-ಮುಖದ ದಾಳದಷ್ಟು ಹಾನಿ. ಸರಾಸರಿ ಲೆಕ್ಕ ಹಾಕಿದರೆ 28.

ಭಾಗವತ ಅಂದು ಗೋಕಾಕ ಜಲಪಾತದ ತೂಗುಸೇತುವೆಯಂಥದೇ ಒಂದು ಸೇತುವೆಯನ್ನು ಕಥೆಗೆ ತಂದ. ಕೆಳಗೆ ಘಟಪ್ರಭೆಯ ಹಾಗೇ ಕೆಂಪು ನೀರು ಭೋರ್ಗರೆಯುತ್ತಿದೆ. ಮೇಲೆ ಹದಿನಾರು ಗಾಬ್ಲಿನ್‌ಗಳು, ಕುಳ್ಳ ಪಿಶಾಚಿಗಳು ಅನ್ನಿ, ಒತ್ತೊತ್ತಾಗಿ ನಮ್ಮ ಕಡೆ ಓಡಿ ಬರುತ್ತಿವೆ. ಒಂದೊಂದಕ್ಕೆ ಜೀವ ಕೇವಲ 7. ತಂಗಿಯ ಫೈಟರ್ ಸೇತುವೆಯ ಬಾಯಿಗೆ ನಿಂತಳು. ‘ನಾ ತಡೀತೀನಿ, ನೀ ಬೆಂಕಿ ಹಾಕು’ ಅಂದಳು.

ನನ್ನಲ್ಲಿ ಬೆಂಕಿ ಇರಲಿಲ್ಲ. ಶಮ್ಶೇರ್ ಐದನೇ ಲೆವೆಲ್‌ನ ಪಾತ್ರ, ನಿಜ. ಆದರೆ ಐದನೇ ಲೆವೆಲ್‌ನ ಮಾಂತ್ರಿಕ ಅಲ್ಲ. ಎರಡು ಫೈಟರ್, ಎರಡು ರೋಗ್, ಒಂದೇ ಒಂದು ವಿಝರ್ಡ್. ಫೈರ್‌ಬಾಲ್‌ಗೆ ವಿಝರ್ಡ್‌ನಲ್ಲೇ ಐದು ಲೆವೆಲ್ ಬೇಕು. ಉಳಿದವರಿಗೆ ಈ ವ್ಯತ್ಯಾಸ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ, ಅವರು ತಪ್ಪು ತಿಳಿದುಕೊಂಡಿದ್ದು ನನಗೆ ಹಿತವಾಗಿದ್ದರಿಂದ, ಬಾಯಿ ಬಿಡಲಿಲ್ಲ.

ನಿದ್ದೆಯ ಮಂತ್ರ ಹಾಕಿದೆ, ಮೂರು ಗಾಬ್ಲಿನ್ ಮಲಗಿದವು. ಆ್ಯಕ್ಷನ್ ಸರ್ಜ್ ಬಳಸಿ ಬಾಣ ಬಿಟ್ಟೆ, ಒಂದು ಬಿತ್ತು. ಮುಂದಿನ ಸರದಿಗೆ ಮತ್ತೊಂದು ಮಂತ್ರ, ಎರಡು ಬಿದ್ದವು. ಅಲ್ಲಿಗೆ ನನ್ನ ಮಂತ್ರದ ಗಂಟು ಖಾಲಿ, ಏಕೆಂದರೆ ಮೊದಲ ಲೆವೆಲ್‌ನ ಮಾಂತ್ರಿಕನಿಗೆ ದಿನಕ್ಕೆ ಇರುವುದೇ ಎರಡು. ತಂಗಿ ಒಬ್ಬಳೇ ನಾಲ್ಕನ್ನು ಕೆಡವಿದಳು, ಸುತ್ತುವರಿದವು, ಬಿದ್ದಳು. ಹಕೀಮ ಅವಳ ಹತ್ತಿರ ಹೋಗಲು ದಾರಿಯೇ ಇಲ್ಲ. ಬಿದ್ದವರು ಪ್ರತಿ ಸರದಿಗೆ ಇಪ್ಪತ್ತರ ಡಬ್ಬಿಯಿಂದ ಚೀಟಿ ಎತ್ತಬೇಕು. ಹತ್ತಕ್ಕಿಂತ ಕಡಿಮೆ ಮೂರು ಸಲ ಬಂದರೆ ಪಾತ್ರ ಸತ್ತಂತೆ. ಅವಳಿಗೆ 6 ಬಂತು, 14 ಬಂತು, 3 ಬಂತು, 9 ಬಂತು.

ಹಕೀಮನ ಹತ್ತಿರ ಎಬ್ಬಿಸುವ ವಿದ್ಯೆ ಇತ್ತಲ್ಲ? ಇತ್ತು. ಅದಕ್ಕೆ 300 ಚಿನ್ನದ ನಾಣ್ಯದ ವಜ್ರ ಬೇಕು. ಹಿಂದಿನ ಊರಿನಲ್ಲಿ ಗೆಳೆಯ ಕೊಳ್ಳೋಣ ಎಂದಿದ್ದ. ನಾನು ‘ಆಮ್ಯಾಲ’ ಎಂದಿದ್ದೆ. ಏಕೆಂದರೆ ಮೂರು ಕಸುಬಿನವನಿಗೆ ಮೂರು ಕಸುಬಿನ ಸಾಮಾನು ಬೇಕು. ಉದ್ದ ಬಿಲ್ಲಿಗೆ 50, ಚರ್ಮದ ಕವಚಕ್ಕೆ 45, ಮಂತ್ರದ ಪುಸ್ತಕಕ್ಕೆ 50, ಬೀಗ ತೆಗೆಯುವ ಸಲಕರಣೆಗೆ 25. ಒಟ್ಟು 170, ಎಲ್ಲರ ಪಾಲಿನ ಚೀಲದಿಂದ. ಚೀಲದಲ್ಲಿ ಉಳಿದಿದ್ದು 140. ಕೂಡಿಸಿ ನೋಡಿ, 310. ನನ್ನ ಕೋಷ್ಟಕ ಇಲ್ಲದಿದ್ದರೆ ವಜ್ರ ನಮ್ಮ ಹತ್ತಿರ ಇರುತ್ತಿತ್ತು.

ಶಮ್ಶೇರ್‌ಗೆ ಏನೂ ಆಗಲಿಲ್ಲ. ಅವನ ಕನ್ನಿಂಗ್ ಆ್ಯಕ್ಷನ್ ಬಹಳ ಚೆನ್ನಾಗಿ ಕೆಲಸ ಮಾಡಿತು. ಎಲ್ಲರನ್ನೂ ಬಿಟ್ಟು ಓಡಿ ಅಡಗಿದ. ನಾನು ಅಷ್ಟು ಪ್ಲ್ಯಾನ್ ಮಾಡಿ ಕಟ್ಟಿದ್ದರಲ್ಲಿ ಕೊನೆಗೆ ಉಪಯೋಗಕ್ಕೆ ಬಂದಿದ್ದು ಅದೊಂದೇ.

ತಂಗಿ ಅಳಲಿಲ್ಲ, ಜಗಳವನ್ನೂ ಮಾಡಲಿಲ್ಲ. ಪಾತ್ರದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಡಬ್ಬಿಯ ಕೆಳಗಿಟ್ಟಳು. ‘ನೀ ಮಾಂತ್ರಿಕ ಅಂದಿದ್ದಿ ಅಲ್ಲ, ಭೈಯಾ?’ ಎಂದು ಕೇಳಿ ಕೆಳಗಿಳಿದು ಹೋದಳು. ನಂತರ ಎಂಟು ದಿನ ಮಾಳಿಗೆಗೆ ಬರಲಿಲ್ಲ. ಅಂದು ಸಂಜೆ ಭಾಗವತ ನನಗೆ ಹೇಳಿದ: ‘ಆ ಹದಿನಾರು ಗಾಬ್ಲಿನ್ ನಾ ನಿನ್ನ ಸಲುವಾಗಿನೇ ಇಟ್ಟಿದ್ದೆ. ಐದನೇ ಲೆವೆಲ್‌ಗೆ ನೋಡ್ರಿ ಅಂದಿದ್ದೆಲ್ಲ, ನಿನ್ನ ಮಂತ್ರಕ್ಕ ಒಂದು ಛಲೋ ಜಾಗ ಇರ್ಲಿ ಅಂತ.’ ಫೈರ್‌ಬಾಲ್ ಇದ್ದಿದ್ದರೆ ಏಟು ತಪ್ಪಿಸಿಕೊಂಡವಕ್ಕೂ ಅರ್ಧ ಹಾನಿ, ಅಂದರೆ ಸರಾಸರಿ 14. ಜೀವ 7. ಸೇತುವೆಯ ನಲವತ್ತು ಅಡಿ ಒಂದೇ ಏಟಿಗೆ ಖಾಲಿ.

ಇಷ್ಟು ಹೇಳಿದ ಮೇಲೆ ‘ಹಾಗಾದರೆ ಮಲ್ಟಿಕ್ಲಾಸ್ ಕೆಟ್ಟದ್ದು, ಎರಡು ದೋಣಿಯ ಮೇಲೆ ಕಾಲಿಡಬಾರದು’ ಎಂದು ಲೇಖನ ಮುಗಿಸಬಹುದಿತ್ತು. ನನ್ನ ಅಭಿಪ್ರಾಯ ಅದಲ್ಲ. ದೊಡ್ಡವರು ಆ ಗಾದೆಯನ್ನು ನಮಗೆ ಹೇಳಿ ಸುಮ್ಮನಾಗುತ್ತಾರೆ. ಅದು ಅರ್ಧ ಸತ್ಯ. ನಾನಿಯ ಬಾಯಿಂದ ಅಮೀರ್ ಹಮ್ಜಾನ ದಾಸ್ತಾನ್ ಕೇಳಿದವರಿಗೆ ಅಮರ್ ಅಯ್ಯಾರ್ ಗೊತ್ತು. ವೇಷ ಹಾಕುತ್ತಾನೆ, ಕದಿಯುತ್ತಾನೆ, ಓಡುತ್ತಾನೆ, ಹಾಡುತ್ತಾನೆ, ಏನು ಹಾಕಿದರೂ ತುಂಬದ ಜಂಬೀಲ್ ಎಂಬ ಚೀಲ ಬೇರೆ ಇದೆ. ಅವನಷ್ಟು ಕಸುಬಿನವರು ಇಡೀ ಕಥೆಯಲ್ಲಿಲ್ಲ. ಆದರೂ ಅವನು ಯಾರು ಎಂದು ಕೇಳುಗನಿಗೆ ಎಂದೂ ಗೊಂದಲವಾಗುವುದಿಲ್ಲ. ಅವನು ಅಯ್ಯಾರ್, ಹಮ್ಜಾನ ಗೆಳೆಯ. ಉಳಿದ ವಿದ್ಯೆಗಳೆಲ್ಲ ಆ ಒಂದು ಬೇರಿಗೆ ಹತ್ತಿಕೊಂಡಿವೆ. ಶಮ್ಶೇರ್‌ಗೆ ಬೇರು ಇರಲಿಲ್ಲ, ಬರೀ ಕೊಂಬೆ.

ನಾನು ಹೇಳುವುದು ಇಷ್ಟೇ. ಮಲ್ಟಿಕ್ಲಾಸ್ ಎಂದರೆ ಕೂಡಿಸುವ ಲೆಕ್ಕ ಎಂದು ನಾವು ತಿಳಿಯುತ್ತೇವೆ. ಅದು ತಡ ಮಾಡುವ ಲೆಕ್ಕ. ಇನ್ನೊಂದು ಕಸುಬಿನಲ್ಲಿ ಹತ್ತಿದ ಪ್ರತಿ ಮೆಟ್ಟಿಲೂ ಮೊದಲ ಕಸುಬಿನ ಮುಂದಿನ ಎಲ್ಲ ವಿದ್ಯೆಯನ್ನೂ ಒಂದು ಮೆಟ್ಟಿಲು ಹಿಂದಕ್ಕೆ ತಳ್ಳುತ್ತದೆ. ತಡ ಮಾಡುವುದು ತಪ್ಪಲ್ಲ. ಯಾವುದು ತಡ, ಎಷ್ಟು ತಡ, ಆ ತಡವನ್ನು ಯಾರು ಹೊರುತ್ತಾರೆ ಎಂದು ಕೇಳದೆ ಇರುವುದು ತಪ್ಪು.

ಹೊಸದಾಗಿ ಪಾತ್ರ ಕಟ್ಟುವವರಿಗೆ ನನ್ನ ಪೆಟ್ಟಿನಿಂದ ಕಲಿತ ನಾಲ್ಕು ಮಾತು ಹೇಳುತ್ತೇನೆ.

ಒಂದು, ಯಾವುದು ಕೂಡುತ್ತದೆ, ಯಾವುದು ಕೂಡುವುದಿಲ್ಲ ಎಂದು ಮೊದಲು ಓದಿ. ಜೀವದ ಅಂಕ ಕೂಡುತ್ತದೆ. ಪಳಗಿದ ಕೆಲಸಕ್ಕೆ ಸಿಗುವ ಬೋನಸ್ ಒಟ್ಟು ಲೆವೆಲ್ ನೋಡಿ ಬರುತ್ತದೆ, ಅಲ್ಲಿ ನಷ್ಟ ಇಲ್ಲ. ಎರಡು ಬಗೆಯ ಮಾಂತ್ರಿಕರಾದರೆ ಮಂತ್ರ ಹಾಕುವ ಸಾಮರ್ಥ್ಯವೂ ಒಂದು ಲೆಕ್ಕದಲ್ಲಿ ಕೂಡುತ್ತದೆ. ಆದರೆ ಯಾವ ಮಂತ್ರ ಕಲಿಯಬಹುದು ಎಂಬುದು ಆಯಾ ಕಸುಬಿನ ಲೆವೆಲ್‌ಗೇ ಬಿಟ್ಟದ್ದು. ಐದನೇ ಲೆವೆಲ್‌ನ ಎರಡು ಏಟು ಎರಡು ಕಸುಬಿನಿಂದ ಬಂದರೂ ಮೂರಾಗುವುದಿಲ್ಲ. ಗುಣಗಳನ್ನು ಹೆಚ್ಚಿಸಿಕೊಳ್ಳುವ ಅವಕಾಶ ಒಂದೇ ಕಸುಬಿನಲ್ಲಿ ನಾಲ್ಕನೇ ಲೆವೆಲ್ ಮುಟ್ಟಿದರೆ ಮಾತ್ರ ಸಿಗುತ್ತದೆ. ಎರಡು-ಎರಡು-ಒಂದು ಮಾಡಿದ ನನಗೆ ಅದೂ ಹೋಯಿತು.

ಎರಡು, ಒಂದೇ ಬಾವಿಯ ನೀರು ಕುಡಿಯುವ ಕಸುಬುಗಳನ್ನು ಜೋಡಿಸಿ. ಪ್ಯಾಲಡಿನ್, ಸಾರ್ಸರರ್, ಬಾರ್ಡ್, ವಾರ್‌ಲಾಕ್ ಈ ನಾಲ್ಕಕ್ಕೂ ವರ್ಚಸ್ಸು ಬೇಕು. ಕ್ಲರಿಕ್, ಡ್ರೂಯಿಡ್ ಎರಡಕ್ಕೂ ವಿವೇಕ. ಚುರುಕುತನ, ಬುದ್ಧಿ ಎರಡನ್ನೂ ಸಾಕಬೇಕಾದವನು ಎರಡಕ್ಕೂ ಅರೆಹೊಟ್ಟೆ ಹಾಕುತ್ತಾನೆ.

ಮೂರು, ನೀವು ನಿಜವಾಗಿ ಆಡುವ ಲೆವೆಲ್‌ಗೆ ಪ್ಲ್ಯಾನ್ ಮಾಡಿ. ಒಂದರಿಂದ ಎರಡಕ್ಕೆ 300 ಅಂಕ ಸಾಕು. ಐದನೆಯದಕ್ಕೆ ಒಟ್ಟು 6,500, ಆರನೆಯದಕ್ಕೆ 14,000. ಮೇಲೆ ಹೋದಂತೆ ಒಂದು ಮೆಟ್ಟಿಲಿನ ತಡ ಎಂದರೆ ಎಷ್ಟೋ ದಿನದ ಆಟ. ಇಪ್ಪತ್ತನೇ ಲೆವೆಲ್‌ನ ಸುಖಕ್ಕಾಗಿ ಐದನೇ ಲೆವೆಲ್‌ನಲ್ಲಿ ಜೊತೆಗಾರರನ್ನು ಬರಿಗೈಯಲ್ಲಿ ನಿಲ್ಲಿಸಬೇಡಿ. ಇಪ್ಪತ್ತು ಬರುವ ಮೊದಲೇ ರಜೆ ಮುಗಿಯುತ್ತದೆ.

ನಾಲ್ಕು, ಇದು ಎಲ್ಲಕ್ಕಿಂತ ದೊಡ್ಡದು. ಕೋಷ್ಟಕವನ್ನು ಒಬ್ಬರೇ ಬರೆಯಬೇಡಿ. ಜೊತೆಗೆ ಕೂರುವವರ ಮುಂದೆ ಇಡಿ. ‘ಇದು ನನಗೆ ತಡವಾಗಿ ಬರುತ್ತದೆ, ಅಲ್ಲಿಯತನಕ ನನ್ನನ್ನು ನಂಬಬೇಡಿ’ ಎಂದು ಬಾಯಿಬಿಟ್ಟು ಹೇಳಿ.

ಎಂಟು ದಿನದ ಮೇಲೆ ತಂಗಿ ಹೊಸ ಹಾಳೆ ಹಿಡಿದು ಬಂದಳು. ನಾನೂ ಹೊಸ ಪಾತ್ರ ಮಾಡಿದ್ದೆ. ಮತ್ತೆ ಮಲ್ಟಿಕ್ಲಾಸೇ! ಆದರೆ ಈ ಸಲ ಮೊದಲ ಒಂದೇ ಲೆವೆಲ್ ಫೈಟರ್, ಆಮೇಲೆ ಪೂರಾ ವಿಝರ್ಡ್. ಮೊದಲ ಕಸುಬು ಫೈಟರ್ ಆದರೆ ಕವಚ ತೊಡುವ ಅಭ್ಯಾಸ ಸಿಗುತ್ತದೆ. ಅಭ್ಯಾಸವಿರುವ ಕವಚ ತೊಟ್ಟೇ ಮಂತ್ರ ಹಾಕಬಹುದು. ಏಟು ಬಿದ್ದಾಗ ಮಂತ್ರದ ಏಕಾಗ್ರತೆ ಕೆಡದಂತೆ ತಡೆಯುವ ಗಟ್ಟಿತನವೂ ಬರುತ್ತದೆ. ಇವು ಮೊದಲ ದಿನದಿಂದಲೇ ಉಪಯೋಗಕ್ಕೆ ಬರುತ್ತವೆ. ಬೆಲೆ ಒಂದು ಲೆವೆಲ್ ತಡ. ತಂಗಿ ಕೂತವಳೇ ಕೇಳಿದ ಮೊದಲ ಪ್ರಶ್ನೆ, ‘ಫೈರ್‌ಬಾಲ್ ಯಾವಾಗ?’ ‘ಆರಕ್ಕ. ಐದಕ್ಕ ಅಲ್ಲ’ ಎಂದೆ. ಸ್ವಲ್ಪ ಯೋಚಿಸಿ ‘ಆತು, ಅಲ್ಲೀತನಕ ಯಾವ ಸೇತುವೆನೂ ಹತ್ತೂದು ಬ್ಯಾಡ’ ಎಂದಳು. ನಾವು ಹತ್ತಲಿಲ್ಲ. ರಜೆ ಮುಗಿಯುವಾಗ ನಾಲ್ಕನೇ ಲೆವೆಲ್‌ನಲ್ಲಿದ್ದೆವು. ಫೈರ್‌ಬಾಲ್ ನಾನಿನ್ನೂ ಹಾಕಿಲ್ಲ.

ಈಗ ಇದನ್ನು ಕಾಲೇಜಿನ ಪತ್ರಿಕೆಯಲ್ಲಿ ಯಾಕೆ ಬರೆಯುತ್ತಿದ್ದೇನೆ ಎಂದು ಹೇಳುತ್ತೇನೆ. ಪ್ರಥಮ ಪಿಯುಸಿಗೆ ಸೇರಿದಾಗ ನಾನು ಮಾಡಿದ್ದೂ ಇದೇ ಕೋಷ್ಟಕ. ಪಿಸಿಎಂಬಿ ತೆಗೆದುಕೊಂಡೆ, ನಾಲ್ಕೂ ಬಾಗಿಲು ತೆರೆದಿರಲಿ ಎಂದು. ಮೇಲೆ ನೀಟ್‌ಗೆ ಒಂದು ಆನ್‌ಲೈನ್ ಕೋಚಿಂಗ್, ಜೆಇಇಗೆ ಒಂದು ಸೆಟ್ ಪುಸ್ತಕ, ಸಿಇಟಿ ಹೇಗೂ ಇದ್ದೇ ಇದೆ, ಜೊತೆಗೆ ಸಂಜೆಗೆ ಕಂಪ್ಯೂಟರ್ ಕ್ಲಾಸ್. ನೀಟ್‌ನಲ್ಲಿ ಗಣಿತ ಇಲ್ಲ. ಸಿಇಟಿಯ ಇಂಜಿನಿಯರಿಂಗ್ ರ‍್ಯಾಂಕಿಗೆ ಜೀವಶಾಸ್ತ್ರ ಲೆಕ್ಕಕ್ಕಿಲ್ಲ, ಅಲ್ಲಿ ಅರ್ಧ ತೂಕ ದ್ವಿತೀಯ ಪಿಯುಸಿಯ ಅಂಕಕ್ಕೆ. ಇದೆಲ್ಲ ನನಗೆ ಗೊತ್ತಿತ್ತು, ಶಮ್ಶೇರ್‌ನ ಲೆಕ್ಕ ಗೊತ್ತಿದ್ದ ಹಾಗೆ. ಅಬ್ಬಾಗೆ ಗೊತ್ತಿರಲಿಲ್ಲ. ಅವರು ನಾನು ಡಾಕ್ಟರ್ ಆಗುವ ದಾರಿಯಲ್ಲಿದ್ದೇನೆ ಎಂದು ನಂಬಿದ್ದರು. ಕೋಚಿಂಗ್ ಫೀ ಕಟ್ಟಲು ಕಬ್ಬಿನ ಬಿಲ್ಲಿಗೆ ಕಾಯುತ್ತಿದ್ದರು. ನಾನು ನೀಟ್ ಅಣಕು ಪರೀಕ್ಷೆಗಳಲ್ಲಿ ಜೀವಶಾಸ್ತ್ರದಲ್ಲಿ ಎಲ್ಲಿದ್ದೇನೆ ಎಂದು ಅವರಿಗೆ ಹೇಳಿರಲಿಲ್ಲ. ಅವರು ತಪ್ಪು ತಿಳಿದುಕೊಂಡಿದ್ದು ಇಲ್ಲೂ ನನಗೆ ಹಿತವಾಗಿತ್ತು.

ಜೂನ್‌ನಲ್ಲಿ ಒಂದು ಸಂಜೆ ಹೊಲದ ಬದುವಿನ ಮೇಲೆ ಕೂತು ಹೇಳಿದೆ. ನನ್ನ ಬೇರು ಗಣಿತ, ಸಿಇಟಿ ಮೊದಲು, ನೀಟ್ ಬರೆಯುತ್ತೇನೆ, ಆದರೆ ಅದಕ್ಕೆ ಕೋಚಿಂಗ್ ಬೇಡ, ಅಲ್ಲಿ ಸೀಟು ಸಿಗುತ್ತದೆ ಎಂದು ನಂಬಬೇಡಿ ಎಂದೆ. ಅಬ್ಬಾ ಬಹಳ ಹೊತ್ತು ಸುಮ್ಮನಿದ್ದರು. ಎದುರಿಗೆ ಕಬ್ಬಿನ ಸಾಲುಗಳ ನಡುವೆ ಹಾಕಿದ್ದ ಉಳ್ಳಾಗಡ್ಡಿಯ ಕಡೆ ನೋಡಿ ಹೇಳಿದ್ದು ಇಷ್ಟು: ‘ಕಬ್ಬಿನ್ಯಾಗ ನಾವೂ ಎರಡನೇ ಬೆಳಿ ಹಾಕ್ತೀವಿ. ಕಬ್ಬು ಎಳೇದಿದ್ದಾಗ ಹಾಕಬೇಕು, ಅದು ಮುಚ್ಚಿಕೊಳ್ಳೂದ್ರೊಳಗ ಕಿತ್ತು ತೆಗೀಬೇಕು. ಯಾವುದು ಕಬ್ಬು, ಯಾವುದು ಉಳ್ಳಾಗಡ್ಡಿ ಅಂತ ಬಿತ್ತೂಮುಂದ ಗೊತ್ತಿರಬೇಕು. ನೀ ಒಂದ್ ವರ್ಷ ತಡ ಮಾಡಿ ಹೇಳಿದಿ.’ ಅವರಿಗೆ ಬೇಸರವಾಗಿತ್ತು. ಇನ್ನೂ ಪೂರ್ತಿ ಹೋಗಿಲ್ಲ. ನನ್ನ ಆಯ್ಕೆ ಸರಿಯೋ ತಪ್ಪೋ ಫಲಿತಾಂಶ ಬರುವವರೆಗೆ ನನಗೂ ಗೊತ್ತಿಲ್ಲ. ಆದರೆ ನನ್ನ ಲೆವೆಲ್ ಎಷ್ಟು ಎಂಬುದು ಈಗ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಪ್ರಥಮ ಪಿಯುಸಿಯ ಗೆಳೆಯರಿಗೆ ನಾನು ‘ಒಂದೇ ಹಿಡಿಯಿರಿ’ ಎಂದು ಹೇಳುವುದಿಲ್ಲ. ಎರಡು ಹಿಡಿಯಿರಿ, ಬೇಕಾದರೆ. ಯಾವುದು ಬೇರು ಎಂದು ತಿಳಿದುಕೊಳ್ಳಿ, ಏನು ತಡವಾಗುತ್ತದೆ ಎಂದು ಮನೆಯವರಿಗೆ ಹೇಳಿ. ಅಧ್ಯಾಪಕರಿಗೆ ಒಂದು ವಿನಂತಿ. ಪ್ರವೇಶದ ಸಮಯದಲ್ಲಿ ನಮ್ಮನ್ನು ‘ಇನ್ನೇನು ತಗೋತಿ?’ ಎಂದು ಕೇಳುತ್ತೀರಿ. ಅದರ ಜೊತೆಗೆ ‘ಇದನ್ನು ತಗೊಂಡರೆ ಯಾವುದು ಹಿಂದೆ ಬೀಳುತ್ತದೆ?’ ಎಂದೂ ಒಂದು ಮಾತು ಕೇಳಿ. ಉತ್ತರ ಹೇಳಲು ನಾವು ತಡವರಿಸಿದರೆ ಅಲ್ಲೇ ಕೂರಿಸಿ ಮಾತಾಡಿಸಿ.

ಇನ್ನೊಂದು ಸಣ್ಣ ವಿನಂತಿಯೂ ಇದೆ. ಶನಿವಾರ ಕಾಲೇಜು ಬಿಟ್ಟ ಮೇಲೆ ಗ್ರಂಥಾಲಯದ ಮೂಲೆಯ ಒಂದು ಟೇಬಲ್ ನಮಗೆ ಸಿಗಲಿ. ನಿಯಮಗಳು ಉಚಿತ, ಪ್ರಿಂಟ್ ನಮ್ಮ ಹತ್ತಿರ ಇದೆ. ಮಲ್ಟಿಕ್ಲಾಸ್‌ನ ಪುಟಗಳನ್ನು ಕನ್ನಡಕ್ಕೆ ಮಾಡುವ ಕೆಲಸವನ್ನು ಗೆಳೆಯ, ನಾನು ಶುರು ಮಾಡಿದ್ದೇವೆ. ಕನ್ನಡ ವಿಭಾಗದ ಗುರುಗಳು ಒಮ್ಮೆ ಕಣ್ಣಾಡಿಸಿದರೆ ‘ಪ್ರೊಫಿಶಿಯನ್ಸಿ’ಗೆ ಒಂದು ಒಳ್ಳೆಯ ಮಾತು ಸಿಕ್ಕೀತು. ಆರು ಡಬ್ಬಿ ನಾನು ತರುತ್ತೇನೆ. ದಾಳ ಇಲ್ಲ, ಸದ್ದಿಲ್ಲ, ದುಡ್ಡಿಲ್ಲ. ಬರುವವರು ಪಾತ್ರದ ಹಾಳೆಯನ್ನು ಎಲ್ಲರಿಗೂ ಕಾಣುವ ಹಾಗೆ ಟೇಬಲ್ ಮೇಲೆ ಇಡಬೇಕು. ನಮ್ಮಲ್ಲಿ ಈಗ ಇರುವ ನಿಯಮ ಅದೊಂದೇ. ಅದನ್ನು ಬರೆದಿದ್ದು ನನ್ನ ತಂಗಿ.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿ